ಸ್ವಲ್ಪ ಹೊತ್ತು ಬಿಟ್ಟು ಬನ್ನಿ

ಬಂದ ಇಮೇಲ್ ಸ್ಪ್ಯಾಮ್ ಹೌದೋ ಅಲ್ಲವೋ ಎಂದು ತಿಳಿಯಲು ಅದನ್ನು ಓದಲೇಬೇಕೆಂದಿಲ್ಲ. ಅಪರಿಚಿತ ಸರ್ವರಿಗೆ ‘ಈಗ ಆಗದು, ಆಮೇಲೆ ಬನ್ನಿ’ ಎಂದು ಹೇಳಿ, ಅದು ಮತ್ತೆ ಬರುತ್ತದೆಯೇ ಎಂದು ಕಾದರೆ ಸಾಕು. 2003ರಲ್ಲಿ ಎವಾನ್ ಹ್ಯಾರಿಸ್ ಮಂಡಿಸಿದ ಈ ಉಪಾಯಕ್ಕೆ ಗ್ರೇಲಿಸ್ಟಿಂಗ್ ಎಂದು ಹೆಸರು.

ಇದರ ಬೇರು ಇಮೇಲಿನ ಮೂಲ ನಿಯಮದಲ್ಲೇ ಇದೆ. 1982ರಲ್ಲಿ ಎಸ್‌ಎಂಟಿಪಿ ಎಂಬ ಆ ನಿಯಮ ರೂಪುಗೊಂಡಾಗ ಯಂತ್ರಗಳು ಕೆಟ್ಟು ನಿಲ್ಲುವುದು, ಸಂಪರ್ಕ ಕಡಿದುಹೋಗುವುದು ಸಾಮಾನ್ಯವಾಗಿತ್ತು. ಹಾಗಾಗಿ ಸರ್ವರುಗಳ ನಿರಾಕರಣೆಯಲ್ಲಿ ಎರಡು ಬಗೆ. 5ರಿಂದ ಶುರುವಾಗುವ ಸಂಖ್ಯೆ ಬಂದರೆ ಪತ್ರ ತಿರಸ್ಕೃತ. 4ರಿಂದ ಶುರುವಾದರೆ ತೊಂದರೆ ತಾತ್ಕಾಲಿಕ. ಆಗ ಕಳಿಸುವ ಸರ್ವರು ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಅರ್ಧ ಗಂಟೆಯಾದರೂ ಬಿಟ್ಟು ಮತ್ತೆ ಯತ್ನಿಸಬೇಕು, ನಾಲ್ಕೈದು ದಿನವಾದರೂ ಕೈಬಿಡಬಾರದು ಎನ್ನುತ್ತದೆ ಈಗಿನ ನಿಯಮ.

ಸ್ಪ್ಯಾಮ್ ಕಳಿಸುವವರಿಗೆ ಅಷ್ಟು ವ್ಯವಧಾನವಿಲ್ಲ. ವೈರಸ್ ತಗುಲಿದ ಮನೆ ಕಂಪ್ಯೂಟರುಗಳಿಂದ ಲಕ್ಷಾಂತರ ವಿಳಾಸಗಳಿಗೆ ಪತ್ರ ತೂರುವಾಗ ಒಂದೊಂದರ ಲೆಕ್ಕ ಇಟ್ಟು ಮರಳಿ ಯತ್ನಿಸುವುದು ದುಬಾರಿ.

ಗ್ರೇಲಿಸ್ಟಿಂಗ್ ಗಮನಿಸುವುದು ಮೂರನ್ನು ಮಾತ್ರ: ಕಳಿಸುವ ಯಂತ್ರದ ಐಪಿ ವಿಳಾಸ, ಕಳಿಸಿದವರ ವಿಳಾಸ, ಪಡೆಯುವವರ ವಿಳಾಸ. ಇಷ್ಟೂ ಪತ್ರದ ಒಡಲಿಗಿಂತ ಮೊದಲೇ ಬಂದಿರುತ್ತವೆ; ಒಳಗೇನಿದೆ ಎಂದು ನೋಡುವ ಪ್ರಮೇಯವೇ ಇಲ್ಲ. ಈ ಜೋಡಣೆ ಹೊಸದಾದರೆ 451 ಎಂಬ ಉತ್ತರ. ಹ್ಯಾರಿಸ್ ಸೂಚಿಸಿದ್ದ ಕಾಯುವ ಅವಧಿ ಒಂದು ಗಂಟೆ; ಆಮೇಲೆ ಮತ್ತೆ ಬಂದರೆ ಪಾಸು. ಪಾಸಾದ ಜೋಡಣೆಗೆ 36 ದಿನಗಳ ಮಾನ್ಯತೆ. ತಿಂಗಳಿಗೊಮ್ಮೆ ಬರುವ ಪತ್ರವೂ ಪ್ರತಿಸಲ ಕಾಯಬೇಕಾಗದಷ್ಟು ದೀರ್ಘ ಅವಧಿ ಅದು. ಪೋಸ್ಟ್‌ಫಿಕ್ಸ್ ಸರ್ವರಿನ ಜತೆ ಬಳಸುವ ಪೋಸ್ಟ್‌ಗ್ರೇ ತಂತ್ರಾಂಶವಂತೂ ಕಾಯಿಸುವುದು ಐದೇ ನಿಮಿಷ.

ಆದರೆ ಬ್ಯಾಂಕಿನ ಓಟಿಪಿಗೆ ಐದು ನಿಮಿಷವೂ ಹೆಚ್ಚೇ. ದೊಡ್ಡ ಮೇಲ್ ಸೇವೆಗಳದ್ದು ಇನ್ನೊಂದು ತೊಡಕು: ಮೊದಲ ಯತ್ನ ಒಂದು ಯಂತ್ರದಿಂದ, ಎರಡನೆಯದು ಮತ್ತೊಂದರಿಂದ. ಐಪಿ ಬದಲಾದ್ದರಿಂದ ಪರಿಚಿತರೂ ಮತ್ತೆ ಅಪರಿಚಿತರು! ಪೋಸ್ಟ್‌ಗ್ರೇ ಅದಕ್ಕಾಗಿಯೇ ಐಪಿಯ ಮೊದಲ ಮೂರು ಭಾಗ ಹೊಂದಿದರೆ ಸಾಕೆನ್ನುತ್ತದೆ. ಅಷ್ಟಕ್ಕೂ ಬಗೆಹರಿಯದಿದ್ದರೆ ವೈಟ್‌ಲಿಸ್ಟ್ ಬೇಕೇ ಬೇಕು: ನಂಬಿಕೆಯ ಸರ್ವರುಗಳನ್ನು ಕಾಯಿಸದೆ ಒಳಬಿಡುವ ಪಟ್ಟಿ. ಗ್ರೇಲಿಸ್ಟಿಂಗ್ ಹಾಕಿ ಈ ಪಟ್ಟಿಯನ್ನು ಮರೆಯುವ ನಿರ್ವಾಹಕರು ಬಳಕೆದಾರರಿಗೆ ಉಪಕಾರ ಮಾಡುತ್ತಿಲ್ಲ. ಪಟ್ಟಿಯಲ್ಲಿ ಐಪಿ ಅಥವಾ ಪರಿಶೀಲಿಸಿದ ಸರ್ವರ್ ಹೆಸರೇ ಇರಬೇಕು. ಕಳಿಸಿದವರ ಇಮೇಲ್ ವಿಳಾಸ ನೆಚ್ಚಿಕೊಂಡರೆ ಪಟ್ಟಿಯೇ ಕಳ್ಳದಾರಿಯಾದೀತು. ಆ ವಿಳಾಸವನ್ನು ಯಾರು ಬೇಕಾದರೂ ನಕಲಿಯಾಗಿ ಬರೆಯಬಹುದು.

ಮರುಯತ್ನ ಮಾಡುವುದನ್ನು ಈಗ ಕೆಲವು ಸ್ಪ್ಯಾಮ್ ತಂತ್ರಾಂಶಗಳೂ ಕಲಿತಿವೆ. ಹಾಗೆಂದು ಕಾಯಿಸಿದ್ದು ವ್ಯರ್ಥವಲ್ಲ. ಆ ನಡುವೆ ಅದೇ ಐಪಿ ಬೇರೆಡೆ ಸಿಕ್ಕಿಬಿದ್ದು ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ಕಪ್ಪುಪಟ್ಟಿಗೆ ಸೇರಿರಬಹುದು. ಆ ಪಟ್ಟಿಯನ್ನೂ ನೋಡುವ ಸರ್ವರಿನಲ್ಲಿ, ಎರಡನೆಯ ಸಲ ಬಂದಾಗ ಅದಕ್ಕೆ ಸಿಗುವ ಉತ್ತರ 4ರಿಂದಲ್ಲ, 5ರಿಂದ ಶುರುವಾಗುತ್ತದೆ.