ಎಣಿಕೆಯಾದ ಮತ, ಲೆಕ್ಕಕ್ಕೆ ಬಾರದ ಮತ

ಕಿರುತೆರೆಯ ಹಾಡು, ನೃತ್ಯ ಸ್ಪರ್ಧೆಗಳ ಫಲಿತಾಂಶ ಬಂದೊಡನೆ ಮನೆಮನೆಯಲ್ಲೂ ವಾದ ಏಳುವುದನ್ನು ನೀವು ಕಂಡಿರುತ್ತೀರಿ. ‘ಚೆನ್ನಾಗಿ ಹಾಡಿದವರು ಸೋತರು’ ಎಂದು ಒಬ್ಬರು, ‘ಜನ ಮೆಚ್ಚಿದವರೇ ಗೆಲ್ಲಬೇಕಲ್ಲವೇ?’ ಎಂದು ಇನ್ನೊಬ್ಬರು. ಈ ವಾದದಲ್ಲಿ ಸ್ಪರ್ಧಿಗಳ ಮಾತು ಬರುತ್ತದೆ, ತೀರ್ಪುಗಾರರ ಮಾತೂ ಬರುತ್ತದೆ. ಮತಗಳನ್ನು ಕೂಡಿಸುವ ನಿಯಮದ ಮಾತು ಬರುವುದು ಅಪರೂಪ. ಆದರೆ ಅವೇ ಮತಗಳು, ನಿಯಮ ಬದಲಾದರೆ, ಬೇರೊಬ್ಬರನ್ನು ಗೆಲ್ಲಿಸಬಲ್ಲವು. ಹಾಗಾದರೆ ಒಂದು ನಿಯಮ ನ್ಯಾಯವಾದುದೇ ಎಂದು ತಿಳಿಯುವುದು ಹೇಗೆ? ನಿಜವಾಗಿ ನಡೆದ ಕೆಲವು ಪ್ರಸಂಗಗಳನ್ನು ನೋಡೋಣ.

ಬ್ರಿಟನ್ನಿನ ಬಿಬಿಸಿ ನಡೆಸುವ ‘ಸ್ಟ್ರಿಕ್ಟ್‌ಲಿ ಕಮ್ ಡ್ಯಾನ್ಸಿಂಗ್’ ನೃತ್ಯ ಸ್ಪರ್ಧೆಯಲ್ಲಿ ಹೆಸರಾಂತ ವ್ಯಕ್ತಿಗಳು ನುರಿತ ನೃತ್ಯಗಾರರೊಂದಿಗೆ ಜೋಡಿಯಾಗಿ ಕುಣಿಯುತ್ತಾರೆ. 2008ರ ಡಿಸೆಂಬರಿನಲ್ಲಿ ಸೆಮಿಫೈನಲ್ ತಲುಪಿದ್ದವರು ರೇಚಲ್ ಸ್ಟೀವನ್ಸ್, ಲೀಸಾ ಸ್ನೋಡನ್ ಮತ್ತು ಟಾಮ್ ಚೇಂಬರ್ಸ್ ಅವರ ಮೂರು ಜೋಡಿಗಳು. ನಿಯಮ ಸರಳವಾಗಿತ್ತು. ತೀರ್ಪುಗಾರರ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ. ವೀಕ್ಷಕರ ಮತಗಳಿಗೂ ಹೀಗೆಯೇ 3, 2, 1. ಎರಡನ್ನೂ ಕೂಡಿಸಿದಾಗ ಕೆಳಗುಳಿಯುವ ಎರಡು ಜೋಡಿಗಳು ಮತ್ತೊಮ್ಮೆ ಕುಣಿಯಬೇಕು. ಅವುಗಳಲ್ಲಿ ಒಂದನ್ನು ತೀರ್ಪುಗಾರರು ಹೊರಗೆ ಕಳುಹಿಸುತ್ತಾರೆ.

ಆ ದಿನ ರೇಚಲ್ ಮತ್ತು ಲೀಸಾ ತೀರ್ಪುಗಾರರಿಂದ ಸರಿಸಮ ಅಂಕ ಪಡೆದು ಮೊದಲ ಸ್ಥಾನವನ್ನು ಹಂಚಿಕೊಂಡರು. ಇಬ್ಬರಿಗೂ 3 ಅಂಕ, ಟಾಮ್‌ಗೆ 1. ಈಗ ನೀವೇ ಕಾಗದದ ಮೇಲೆ ಕೂಡಿಸಿ ನೋಡಿ. ವೀಕ್ಷಕರೆಲ್ಲ ಸೇರಿ ಟಾಮ್‌ನನ್ನು ಮೊದಲ ಸ್ಥಾನಕ್ಕೆ ಏರಿಸಿದರೂ ಆತನಿಗೆ ಸಿಗುವುದು 1 ಮತ್ತು 3, ಒಟ್ಟು 4. ಉಳಿದಿಬ್ಬರಲ್ಲಿ ಒಬ್ಬರಿಗೆ 5, ಇನ್ನೊಬ್ಬರಿಗೆ 4. ಅಂದರೆ ಲಕ್ಷ ಮತ ಬಂದರೂ, ಕೋಟಿ ಮತ ಬಂದರೂ ಟಾಮ್ ಕೆಳಗಿನ ಇಬ್ಬರಲ್ಲೊಬ್ಬನಾಗಲೇಬೇಕು! ಆತನನ್ನು ಉಳಿಸಲೆಂದು ಜನ ಹಣ ಕೊಟ್ಟು ದೂರವಾಣಿ ಕರೆ ಮಾಡುತ್ತಿದ್ದರು. ಆ ಕರೆಗಳಿಗೆ ಅವನನ್ನು ಉಳಿಸುವ ಶಕ್ತಿಯೇ ಇರಲಿಲ್ಲ.

ಬಿಬಿಸಿ ಆ ವಾರ ಯಾರನ್ನೂ ಹೊರಗೆ ಕಳುಹಿಸದೆ ಮೂರೂ ಜೋಡಿಗಳನ್ನು ಅಂತಿಮ ಸುತ್ತಿಗೆ ಸೇರಿಸಿತು. ಅಂತಿಮ ಸುತ್ತಿನಲ್ಲಿ ಗೆದ್ದವರು ಅದೇ ಟಾಮ್ ಚೇಂಬರ್ಸ್. ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ, ಎಣಿಕೆಯೂ ತಪ್ಪಿರಲಿಲ್ಲ. ಇಬ್ಬರು ಸಮನಾದರೆ ಏನಾಗುತ್ತದೆಂದು ನಿಯಮ ಬರೆದವರು ಮುಂಚಿತವಾಗಿ ಲೆಕ್ಕ ಹಾಕಿರಲಿಲ್ಲ, ಅಷ್ಟೆ. ಸಮನಾದವರ ನಂತರದವರಿಗೆ 1ರ ಬದಲು 2 ಅಂಕ ಎಂದಿದ್ದರೆ ಟಾಮ್‌ಗೆ ಉಳಿಯುವ ದಾರಿ ಇರುತ್ತಿತ್ತೇ? ಇದನ್ನೂ ಕೂಡಿಸಿ ನೋಡಿ.

ಸಮಬಲದ ಬಗ್ಗೆ ಯೋಚಿಸದಿದ್ದುದಕ್ಕೆ ಇನ್ನೂ ಹಳೆಯ ಉದಾಹರಣೆಯೊಂದಿದೆ. ಯುರೋಪಿನ ದೇಶಗಳು ಪ್ರತಿವರ್ಷ ‘ಯೂರೋವಿಷನ್’ ಎಂಬ ಹಾಡಿನ ಸ್ಪರ್ಧೆ ನಡೆಸುತ್ತವೆ. 1969ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಸ್ಪೇನ್, ಬ್ರಿಟನ್, ನೆದರ್ಲೆಂಡ್ಸ್ ಮತ್ತು ಫ್ರಾನ್ಸ್ ತಲಾ 18 ಅಂಕ ಪಡೆದವು. ಸಮಬಲವಾದರೆ ಏನು ಮಾಡಬೇಕೆಂಬ ನಿಯಮವೇ ಇರಲಿಲ್ಲ. ನಾಲ್ಕೂ ದೇಶಗಳನ್ನು ವಿಜೇತರೆಂದು ಸಾರಬೇಕಾಯಿತು. ಮರುವರ್ಷದ ಸ್ಪರ್ಧೆಗೆ ಸಮಬಲ ಬಿಡಿಸುವ ನಿಯಮ ಬಂದಿತು.

ಎರಡನೆಯ ಪ್ರಶ್ನೆ: ಯಾರ ಮಾತಿಗೆ ಎಷ್ಟು ತೂಕ? ಅದೇ ಯೂರೋವಿಷನ್‌ನ 2023ರ ಫಲಿತಾಂಶ ನೋಡಿ. ಅಂಕಗಳಲ್ಲಿ ಸುಮಾರು ಅರ್ಧ ಸಂಗೀತ ಬಲ್ಲ ತೀರ್ಪುಗಾರರದು, ಇನ್ನರ್ಧ ವೀಕ್ಷಕರದು. ವೀಕ್ಷಕರು ಫಿನ್ಲೆಂಡಿನ ಗಾಯಕನಿಗೆ 376 ಅಂಕ, ಸ್ವೀಡನ್ನಿನ ಗಾಯಕಿ ಲೋರೀನ್‌ಗೆ 243 ಅಂಕ ಕೊಟ್ಟರು. ತೀರ್ಪುಗಾರರು ಫಿನ್ಲೆಂಡಿಗೆ 150, ಸ್ವೀಡನ್ನಿಗೆ 340 ಕೊಟ್ಟರು. ಒಟ್ಟು 583 ಅಂಕಗಳಿಂದ ಸ್ವೀಡನ್ ಗೆದ್ದಿತು, ಫಿನ್ಲೆಂಡಿಗೆ 526. ಜನರ ಮತವೊಂದನ್ನೇ ಎಣಿಸಿದ್ದರೆ ಗೆಲ್ಲುತ್ತಿದ್ದುದು ಫಿನ್ಲೆಂಡ್. ಹಾಗೆಂದು ಫಲಿತಾಂಶ ಅನ್ಯಾಯವೆನ್ನಲಾಗದು. ಅರ್ಧರ್ಧ ಎಂಬ ನಿಯಮ ಸ್ಪರ್ಧೆಗೆ ಮೊದಲೇ ಎಲ್ಲರಿಗೂ ತಿಳಿದಿತ್ತು, ಎರಡೂ ಕಡೆಯ ಅಂಕಗಳನ್ನು ಬೇರೆಬೇರೆಯಾಗಿಯೇ ಪ್ರಕಟಿಸಲಾಯಿತು. ಆದ್ದರಿಂದಲೇ ನಾವು ಇಂದು ಅದನ್ನು ಹೀಗೆ ಬಿಡಿಸಿ ನೋಡಬಲ್ಲೆವು.

ಮೂರನೆಯ ಪ್ರಶ್ನೆ ನಮ್ಮ ದೇಶದ್ದೇ. 2007ರಲ್ಲಿ ‘ಇಂಡಿಯನ್ ಐಡಲ್’ ಹಾಡಿನ ಸ್ಪರ್ಧೆಯ ಮೂರನೆಯ ಆವೃತ್ತಿಯ ಅಂತಿಮ ಸುತ್ತಿಗೆ ಬಂದವರು ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ಮತ್ತು ಶಿಲ್ಲಾಂಗಿನ ಅಮಿತ್ ಪಾಲ್. ವಿಜೇತರನ್ನು ಆರಿಸುವುದು ವೀಕ್ಷಕರ ಮತ. ಕಿರುತೆರೆಯಲ್ಲಿ ತಮ್ಮವರನ್ನು ಕಾಣುವುದೇ ಅಪರೂಪವಾಗಿದ್ದ ಗುಡ್ಡಗಾಡಿನ ಜನರಿಗೆ ಇದು ಅಭಿಮಾನದ ಪ್ರಶ್ನೆಯಾಯಿತು. ಅಭಿಮಾನಿಗಳು ಹಣ ಕೂಡಿಸಿ, ಗುಂಪುಗೂಡಿ ಎಸ್ಸೆಮ್ಮೆಸ್ ಕಳುಹಿಸಿದರು. ಪ್ರಶಾಂತ್ ಗೆದ್ದರು. ಅವರು ನಿಯಮ ಮೀರಲಿಲ್ಲ, ಒಬ್ಬರೇ ಹಲವು ಮತ ಹಾಕಲು ಅವಕಾಶವಿತ್ತು. ಆದರೆ ಇಂಥ ನಿಯಮ ಎಣಿಸುವುದು ತಲೆಗಳನ್ನಲ್ಲ, ಸಂದೇಶಗಳನ್ನು. ಪ್ರತಿ ಸಂದೇಶಕ್ಕೂ ಬೆಲೆಯಿರುವಾಗ, ಹತ್ತು ಸಂದೇಶಕ್ಕೆ ಹಣವಿದ್ದವನ ಮಾತು ಒಂದೇ ಸಂದೇಶಕ್ಕೆ ಹಣವಿದ್ದವನ ಮಾತಿಗಿಂತ ಹತ್ತು ಪಟ್ಟು ಭಾರವಾಗುತ್ತದೆ. ಇದಕ್ಕೆ ಮಿತಿ ಬೇಕೆಂಬುದು ಈಗ ಬೇರೆಡೆಯೂ ಅರಿವಿಗೆ ಬಂದಿದೆ. ಯೂರೋವಿಷನ್ ಸಂಘಟಕರು ಒಬ್ಬ ವೀಕ್ಷಕ ಒಂದು ಪಾವತಿ ವಿಧಾನದಿಂದ ಹಾಕಬಹುದಾದ ಮತಗಳನ್ನು 2026ರ ಸ್ಪರ್ಧೆಗೆ 20ರಿಂದ 10ಕ್ಕೆ ಇಳಿಸಿದರು.

ಈ ಪ್ರಸಂಗಗಳಿಂದ ನಾವು ತಿಳಿಯುವುದೇನು? ಎಲ್ಲರೂ ಒಪ್ಪುವ ಫಲಿತಾಂಶ ಕೊಡುವ ನಿಯಮವನ್ನು ಯಾರೂ ಬರೆಯಲಾರರು. ಕಲೆಯಲ್ಲಿ ಬಲ್ಲವರ ಮಾತಿಗೂ ಜನರ ಮೆಚ್ಚಿಕೆಗೂ ಅಂತರವಿದ್ದೇ ಇರುತ್ತದೆ. ಆದರೆ ನ್ಯಾಯವಾದ ನಿಯಮದಿಂದ ನಾವು ಕೆಲವನ್ನು ಕೇಳಿ ಪಡೆಯಬಹುದು. ಹಾಕಿದ ಪ್ರತಿ ಮತಕ್ಕೂ ಫಲಿತಾಂಶ ಬದಲಿಸುವ ಅವಕಾಶ ಇರಬೇಕು. ಯಾರ ಮಾತಿಗೆ ಎಷ್ಟು ತೂಕವೆಂಬುದು ಮೊದಲೇ ತಿಳಿದಿರಬೇಕು. ಒಬ್ಬರ ಮತಗಳಿಗೆ ಮಿತಿ ಇರಬೇಕು. ಅಂಕಗಳು ಬಹಿರಂಗವಾಗಬೇಕು.

ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲೋ ಕಾಲೇಜಿನ ಯುವಜನೋತ್ಸವದಲ್ಲೋ ಸ್ಪರ್ಧೆ ನಡೆಸುವ ಹೊಣೆ ನಿಮ್ಮ ಮೇಲೆ ಬಿದ್ದೀತು. ಆಗ ನಿಯಮವನ್ನು ಮೊದಲೇ ಬರೆದಿಡಿ. ಮೂರು ಕಲ್ಪಿತ ಹೆಸರು ಹಾಕಿ, ಇಬ್ಬರು ಸಮನಾದರೆ ಏನಾಗುತ್ತದೆ, ತೀರ್ಪುಗಾರರೂ ಸಭಿಕರೂ ಬೇರೆಬೇರೆಯವರನ್ನು ಮೆಚ್ಚಿದರೆ ಏನಾಗುತ್ತದೆ ಎಂದು ಕೂಡಿಸಿ ನೋಡಿ. ಹತ್ತು ನಿಮಿಷದ ಕೆಲಸ. ಸೋತ ಹುಡುಗಿಯೊಬ್ಬಳು ಬಂದು ‘ನಾನು ಹೇಗೆ ಸೋತೆ?’ ಎಂದು ಕೇಳಿದಾಗ ಅಂಕಪಟ್ಟಿಯನ್ನು ಅವಳ ಮುಂದಿಟ್ಟು ವಿವರಿಸಲು ಸಾಧ್ಯವಾದರೆ, ನಿಮ್ಮ ನಿಯಮ ಸರಿಯಾಗಿದೆ ಎಂದು ತಿಳಿಯಿರಿ.