ಕ್ಯಾಮೆರಾ ಹೊನ್ನೂರಿನಲ್ಲಿ, ಸಾಕ್ಷ್ಯ ಎಲ್ಲಿ?

ಯಳಂದೂರು ತಾಲ್ಲೂಕಿನ ಹೊನ್ನೂರಿನಂಥ ಊರುಗಳಲ್ಲೂ ಅಂಗಡಿ ಮುಂದೆ ವೈ-ಫೈ ಕ್ಯಾಮೆರಾ ಈಗ ಅಪರೂಪವಲ್ಲ. ಮಾಲೀಕರು ಕೊಳ್ಳೇಗಾಲಕ್ಕೆ ಹೋಗಿದ್ದರೂ ಅಂಗಡಿಯ ಬಾಗಿಲು ಮೊಬೈಲಿನಲ್ಲಿ ಕಾಣುತ್ತಿರುತ್ತದೆ. ಒಂದು ರಾತ್ರಿ ಯಾರೋ ಬೀಗ ಒಡೆದರು ಎಂದಿಟ್ಟುಕೊಳ್ಳಿ. ಕಳ್ಳನ ಚಿತ್ರ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿ ಇರುತ್ತದೆ. ಚಂದಾ ಕಟ್ಟಿದ್ದರೆ ಕಂಪನಿಯ ಕ್ಲೌಡ್ ಸರ್ವರಿನಲ್ಲೂ ಇರುತ್ತದೆ. ಮಾಲೀಕರ ಫೋನಿನಲ್ಲಿ ಒಂದೆರಡು ತುಣುಕು ಸಿಕ್ಕೀತು. ಆ ಸರ್ವರು ಮುಂಬೈಯಲ್ಲಿರಬಹುದು, ಸಿಂಗಪುರದಲ್ಲೂ ಇರಬಹುದು. ಇವುಗಳಿಂದ ನ್ಯಾಯಾಲಯ ಒಪ್ಪುವಂಥ ಪುರಾವೆಯನ್ನು ಹೊರತೆಗೆಯುವುದು ಡಿಜಿಟಲ್ ಫೊರೆನ್ಸಿಕ್ಸ್‌ನ ಕೆಲಸ. ಆ ಕೆಲಸಕ್ಕೆ ದೊಡ್ಡ ಶತ್ರು ಹ್ಯಾಕರ್ ಅಲ್ಲ, ಕಳೆದುಹೋಗುವ ಹೊತ್ತು.

ಮೊದಲು ಕಾರ್ಡಿನ ಲೆಕ್ಕ ನೋಡೋಣ. ಸೆಕೆಂಡಿಗೆ 10 ಲಕ್ಷ ಬಿಟ್‌ನಂತೆ ಸತತವಾಗಿ ಚಿತ್ರ ತುಂಬುತ್ತಿದ್ದರೆ 32 ಜಿಬಿ ಕಾರ್ಡು ಸುಮಾರು 71 ಗಂಟೆಯಲ್ಲಿ, ಅಂದರೆ ಮೂರು ದಿನದಲ್ಲಿ, ಭರ್ತಿಯಾಗುತ್ತದೆ. ಆಮೇಲೆ ಕ್ಯಾಮೆರಾ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ. ಸೋಮವಾರದ ಕಳ್ಳತನಕ್ಕೆ ಶುಕ್ರವಾರ ದೂರು ಕೊಟ್ಟರೆ ಕಾರ್ಡಿನಲ್ಲಿ ಕಳ್ಳನಿರುವುದಿಲ್ಲ.

ಗಡಿಯಾರದ್ದು ಬೇರೆಯೇ ಫಜೀತಿ. ಹದಿನೈದನೇ ತಾರೀಖು ಬೆಳಗಿನ ಜಾವ 2:10ಕ್ಕೆ ಬಾಗಿಲು ಒಡೆದಿದ್ದರೆ ಕ್ಲೌಡ್ ಸರ್ವರಿನ ಲಾಗ್‌ನಲ್ಲಿ ಹದಿನಾಲ್ಕನೇ ತಾರೀಖು ರಾತ್ರಿ 8:40 ಎಂದಿರುತ್ತದೆ. ಸರ್ವರುಗಳು ಸಾಮಾನ್ಯವಾಗಿ ಬರೆದಿಡುವುದು ಜಾಗತಿಕ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕರೆಂಟು ಹೋಗಿ ಬಂದಾಗ ಕೆಲವು ಅಗ್ಗದ ಕ್ಯಾಮೆರಾಗಳು ಇಂಟರ್ನೆಟ್ ಸಿಗುವವರೆಗೆ 1970ರ ಜನವರಿ 1 ಎಂದೇ ತೋರಿಸುತ್ತವೆ. ಈ ವ್ಯತ್ಯಾಸವನ್ನು ಬರೆದಿಡದಿದ್ದರೆ ಆರೋಪಿಯ ವಕೀಲರಿಗೆ ಅಷ್ಟೇ ಸಾಕು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಇದನ್ನು ಮನಗಂಡಿದೆ: ಸೇವಾ ಕಂಪನಿಗಳು, ಡೇಟಾ ಸೆಂಟರುಗಳು ತಮ್ಮ ಗಡಿಯಾರಗಳನ್ನು ಅಧಿಕೃತ ಸಮಯದ ಸರ್ವರುಗಳಿಗೆ ಹೊಂದಿಸಿಕೊಳ್ಳಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಯಾವ ಖಾತೆಗೆ ಯಾವ ಇಂಟರ್ನೆಟ್ ವಿಳಾಸದಿಂದ ಲಾಗಿನ್ ಆಯಿತು ಎಂಬುದು ಲಾಗ್‌ನಲ್ಲಿ ಸಿಗುತ್ತದೆ. ಆದರೆ ಅಂಗಡಿಯ ವಿಡಿಯೊ ಅದರಲ್ಲಿ ಇರುವುದಿಲ್ಲ.

ಕ್ಯಾಮೆರಾವೇ ಕಳ್ಳರ ಕೈಗೆ ಸಿಕ್ಕಿದರೆ? 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಮಾಡಿದ್ದು ಅದನ್ನೇ. ಕಾರ್ಖಾನೆಯಿಂದ ಬಂದ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಅರವತ್ತರಷ್ಟು ಜೋಡಿ ಇಟ್ಟುಕೊಂಡು ಅದು ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳ ಒಳಹೊಕ್ಕಿತು. ಅಕ್ಟೋಬರ್ 21ರಂದು ಅವುಗಳ ಮೂಲಕ ತಾಣಗಳ ಹೆಸರನ್ನು ಇಂಟರ್ನೆಟ್ ವಿಳಾಸಕ್ಕೆ ಹೊಂದಿಸಿಕೊಡುತ್ತಿದ್ದ ಅಮೆರಿಕದ ಡೈನ್ ಕಂಪನಿಯ ಮೇಲೆ ದಾಳಿ ನಡೆದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ತೆರೆಯದಾದವು. ಮಿರಾಯ್ ವಾಸಿಸುತ್ತಿದ್ದುದು ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ. ಪ್ಲಗ್ ಕಿತ್ತು ಹಾಕಿದರೆ ಅದೂ ಮಾಯ, ಅದರ ಕುರುಹೂ ಮಾಯ. ಪಾಸ್‌ವರ್ಡ್ ಬದಲಿಸದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹಾಜರು.

ಕ್ಲೌಡ್‌ನಲ್ಲಿ ತೊಡಕು ಇನ್ನೂ ಹೆಚ್ಚು. ಠಾಣೆಯವರು ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ವಶಪಡಿಸಿಕೊಂಡಂತೆ ಡೇಟಾ ಸೆಂಟರಿನ ಡಿಸ್ಕ್ ಹೊತ್ತು ತರಲಾಗದು. ಒಂದೇ ಡಿಸ್ಕಿನಲ್ಲಿ ನೂರಾರು ಗ್ರಾಹಕರ ದತ್ತಾಂಶ ಬೆರೆತಿರುತ್ತದೆ, ಒಬ್ಬರದೇ ಕಡತ ಹಲವು ಯಂತ್ರಗಳಲ್ಲಿ ಹಂಚಿಹೋಗಿರುತ್ತದೆ. ಅಳಿಸಿದ ಜಾಗ ಬೇರೆ ಗ್ರಾಹಕರ ಪಾಲಾಗುತ್ತದೆ. ಹಾಗಾಗಿ ಕಂಪನಿ ತೆಗೆದುಕೊಟ್ಟ ಪ್ರತಿಯನ್ನೇ ನಂಬಬೇಕು. ಕಂಪನಿ ಹೊರದೇಶದ್ದಾದರೆ ಪರಸ್ಪರ ಕಾನೂನು ನೆರವಿನ ಒಪ್ಪಂದದ ದಾರಿ ಹಿಡಿಯಬೇಕಾಗುತ್ತದೆ. ಅದು ತಿಂಗಳುಗಟ್ಟಲೆ ಎಳೆಯುವ ದಾರಿ.

ಪ್ರತಿಯನ್ನು ನಂಬುವುದು ಹೇಗೆ? ಹ್ಯಾಶ್ ಮೌಲ್ಯದಿಂದ. ಎಷ್ಟೇ ದೊಡ್ಡ ವಿಡಿಯೊ ಆಗಲಿ, ಎಸ್‌ಎಚ್‌ಎ-256 ಎಂಬ ಗಣಿತಕ್ರಮ ಅದನ್ನು 64 ಅಕ್ಷರ-ಅಂಕಿಗಳ ಒಂದು ಸಾಲಾಗಿಸುತ್ತದೆ. ವಿಡಿಯೊದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಕೋರ್ಟಿಗೆ ಮಾತ್ರ ಇಷ್ಟೇ ಸಾಲದು: ಮೂಲ ಸಾಧನವನ್ನೇ ಮಾಲೀಕರು ಸಾಕ್ಷಿಕಟ್ಟೆಗೆ ತಂದರೆ ಸರಿ, ಪ್ರತಿಯಾದರೆ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಜುಲೈ 14ರಂದು ಹೇಳಿತು. ಕ್ಲೌಡ್ ಸರ್ವರನ್ನು ಕಟ್ಟೆಗೆ ತರುವವರು ಯಾರು? ಅಲ್ಲಿ ಪ್ರಮಾಣಪತ್ರವೇ ದಾರಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಈ ಹ್ಯಾಶ್ ಮೌಲ್ಯಕ್ಕೂ ಜಾಗವಿದೆ, ತಜ್ಞರ ಸಹಿಗೂ ಜಾಗವಿದೆ.

ಸಾಧನವನ್ನು ಮುಟ್ಟುವ ಕ್ರಮದ ಬಗ್ಗೆ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್ 12ರ ತೀರ್ಪಿನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಬೆಂಗಳೂರಿನ ಮಾದಕವಸ್ತು ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಬರೆದ ತೀರ್ಪು ಅದು. ಆಫ್ ಆಗಿರುವ ಕಂಪ್ಯೂಟರನ್ನು ಆನ್ ಮಾಡಬಾರದು. ಆನ್ ಇರುವ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ರೇಡಿಯೊ ಅಲೆ ತಡೆಯುವ ಫ್ಯಾರಡೆ ಚೀಲದಲ್ಲಿಡಬೇಕು, ಚಾರ್ಜ್ ಮುಗಿಯದಂತೆ ನೋಡಿಕೊಳ್ಳಬೇಕು. ಚೀಲವಿಲ್ಲದಿದ್ದರೆ ಎಲ್ಲೋ ಕೂತವರು ದೂರದಿಂದಲೇ ಫೋನನ್ನು ಅಳಿಸಿಬಿಡಬಹುದು.

ಆದರೆ ಸೈಬರ್ ಅಪರಾಧ ನೋಡಿಕೊಳ್ಳುವ ಚಾಮರಾಜನಗರದ ಸೆನ್ ಠಾಣೆಯವರಾಗಲಿ ಮೈಸೂರಿನ ವಿಧಿವಿಜ್ಞಾನ ಪ್ರಯೋಗಾಲಯದವರಾಗಲಿ ಕೈಹಾಕುವ ಮುಂಚೆಯೇ ಸಾಕ್ಷ್ಯದ ಹಣೆಬರಹವನ್ನು ಅಂಗಡಿಯವರು ಬರೆದಿರುತ್ತಾರೆ. ಕಳ್ಳತನವಾಗಿದ್ದರೆ ಕ್ಯಾಮೆರಾ ಆಫ್ ಮಾಡಿ ಕಾರ್ಡ್ ತೆಗೆದು ಲಕೋಟೆಯಲ್ಲಿಡಿ, ಮೇಲೆ ದಿನ, ಸಮಯ ಬರೆಯಿರಿ. ಇಲ್ಲವಾದರೆ ಚಿತ್ರದ ಮೇಲೆ ಚಿತ್ರ ಕೂರುತ್ತದೆ. ಕ್ಯಾಮೆರಾದೊಳಕ್ಕೇ ಯಾರೋ ಹ್ಯಾಕ್ ಮಾಡಿ ನುಗ್ಗಿದ್ದಾರೆಂಬ ಅನುಮಾನವಿದ್ದರೆ ಇದಕ್ಕೆ ತದ್ವಿರುದ್ಧ: ರೌಟರಿನ ಸಂಪರ್ಕ ತಪ್ಪಿಸಿ, ಕ್ಯಾಮೆರಾದ ಕರೆಂಟು ಮಾತ್ರ ತೆಗೆಯಬೇಡಿ, ರಿಸೆಟ್ ಒತ್ತಬೇಡಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಊರಿಗೆ ಸುದ್ದಿಯಾದೀತೇ ಹೊರತು ಕೋರ್ಟಿಗೆ ಸಾಕ್ಷ್ಯವಾಗುವುದು ಕಷ್ಟ. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ, ಹ್ಯಾಶ್ ಬದಲಾಗುತ್ತದೆ. ಕ್ಲೌಡ್ ಪ್ರತಿ ಏಳು ದಿನ ಇರುತ್ತದೋ ಮೂವತ್ತು ದಿನವೋ ಎಂಬುದನ್ನು ಚಂದಾ ಕಟ್ಟುವ ದಿನವೇ ತಿಳಿದುಕೊಳ್ಳಿ, ದೂರು ಕೊಡುವಾಗ ಆ ಗಡುವನ್ನು ಪೊಲೀಸರಿಗೂ ಹೇಳಿ. ದತ್ತಾಂಶ ಅಳಿಸಬೇಡಿ ಎಂದು ಕಂಪನಿಗೆ ಅವರು ಪತ್ರ ಬರೆಯಲು ಉಳಿದಿರುವುದು ಅಷ್ಟೇ ದಿನ.