ಸ್ಕ್ಯಾನ್ ನಾರ್ಮಲ್, ಸರಿ, ಕಿಡ್ನಿ?

"ಸ್ಕ್ಯಾನಿಂಗ್ ಮಾಡ್ಸಿದ್ದೀವಿ ಸಾರ್, ಎಲ್ಲಾ ನಾರ್ಮಲ್ ಅಂದವ್ರೆ." ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ, ಆಸ್ಪತ್ರೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇರುವವರು, ಮಂಡಿನೋವಿಗೆ ಅಂಗಡಿಯ ಮಾತ್ರೆ ನುಂಗುತ್ತಲೇ ಬಂದವರು ಒಂದು ಹೊಟ್ಟೆ ಸ್ಕ್ಯಾನ್ ಮಾಡಿಸಿ ನಿಶ್ಚಿಂತರಾಗಿಬಿಡುತ್ತಾರೆ. ಇನ್ನು ಕೆಲವರು ಮೈಸೂರಿಗೆ ಹೋಗಿ ರಕ್ತದಲ್ಲಿ 'ಕ್ಯಾನ್ಸರ್ ಮಾರ್ಕರ್' ನೋಡಿಸುತ್ತಾರೆ, ಅಂಕಿ ಒಂದಿಷ್ಟು ಏರಿದ್ದರೆ ನಿದ್ದೆಗೆಡುತ್ತಾರೆ. ಮೊದಲನೆಯವರ ನೆಮ್ಮದಿಗೂ ಎರಡನೆಯವರ ದಿಗಿಲಿಗೂ ಕಾರಣ ಒಂದೇ: ಯಾವ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ.

ಹೊಟ್ಟೆ ಸ್ಕ್ಯಾನ್ ಮಾಡುವ ಅಲ್ಟ್ರಾಸೌಂಡ್ ಯಂತ್ರ ಕಿವಿಗೆ ಕೇಳಿಸದ ಶಬ್ದವನ್ನು ಒಳಗೆ ಕಳಿಸಿ, ಅದರ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ಕಿಡ್ನಿಯಲ್ಲಿ ಕಲ್ಲಿದೆಯೇ, ಗಡ್ಡೆ ಇದೆಯೇ, ಮೂತ್ರ ಕಟ್ಟಿಕೊಂಡು ಊದಿದೆಯೇ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ವಯಸ್ಕರ ಕಿಡ್ನಿ ಸಾಮಾನ್ಯವಾಗಿ 9ರಿಂದ 12 ಸೆಂಟಿಮೀಟರ್ ಉದ್ದ. ಬಹುಕಾಲದ ಕಾಯಿಲೆಯಲ್ಲಿ ಅದು ಕುಗ್ಗುತ್ತದೆ. ಆದರೆ ಒಂದೊಂದು ಕಿಡ್ನಿಯಲ್ಲೂ ಇರುವ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ ಎಂಬುದು ಈ ಚಿತ್ರದಲ್ಲಿ ಕಾಣುವುದಿಲ್ಲ. ಅದರಲ್ಲೂ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಕೆಡುತ್ತಿದ್ದರೂ ಗಾತ್ರ ಮಾಮೂಲಾಗಿಯೇ ಇರಬಹುದು, ಕೆಲವೊಮ್ಮೆ ತುಸು ದೊಡ್ಡದೂ ಆಗಿರಬಹುದು. ಚಿತ್ರ ಆಕಾರ ತೋರಿಸುತ್ತದೆ. ಕೆಲಸದ ವಿಚಾರ ತಿಳಿಯಬೇಕಾದರೆ ರಕ್ತವನ್ನೂ ಮೂತ್ರವನ್ನೂ ಕೇಳಬೇಕು.

ಒಂದೇ ಅಂಕಿ, ಎರಡು ಅರ್ಥ

ರಕ್ತದ ಕ್ರಿಯಾಟಿನಿನ್ ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಸ್ನಾಯುಗಳಲ್ಲಿ ಹುಟ್ಟುವ ಈ ತ್ಯಾಜ್ಯವನ್ನು ಕಿಡ್ನಿ ಹೊರಹಾಕುತ್ತದೆ. ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುತ್ತದೆ. ತೊಡಕು ಇರುವುದು ಸ್ನಾಯುವಿನಲ್ಲೇ. ವರದಿಯಲ್ಲಿ ಪ್ರತಿ ಡೆಸಿಲೀಟರಿಗೆ 1.1 ಮಿಲಿಗ್ರಾಂ ಎಂದು ಬಂದಿದೆ ಎನ್ನಿ. 30 ವರ್ಷದ ಗಂಡಸಿಗೆ ಇದೇ ಅಂಕಿ ಬಂದರೆ, ಇಂದು ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ ಅವನ ಕಿಡ್ನಿ ನಿಮಿಷಕ್ಕೆ ಸುಮಾರು 93 ಮಿಲಿಲೀಟರ್ ಸೋಸುತ್ತಿದೆ, ಚಿಂತೆಯಿಲ್ಲ. 70 ವರ್ಷದ ಅಜ್ಜಿಗೂ 1.1 ಬಂದರೆ ಲೆಕ್ಕ ಸುಮಾರು 54ಕ್ಕೆ ಇಳಿಯುತ್ತದೆ. 60ಕ್ಕಿಂತ ಕಡಿಮೆ ಪ್ರಮಾಣ ಮೂರು ತಿಂಗಳು ಮುಂದುವರಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಆದರೂ ಎಷ್ಟೋ ಲ್ಯಾಬ್ ಚೀಟಿಗಳಲ್ಲಿ ಇಬ್ಬರ ಅಂಕಿಯೂ 'ನಾರ್ಮಲ್' ಮಿತಿಯೊಳಗೇ ಇರುತ್ತದೆ. ಅದಕ್ಕೇ ಕ್ರಿಯಾಟಿನಿನ್ ಜೊತೆಗೆ ಇ-ಜಿಎಫ್‌ಆರ್ ಎಂಬ ಈ ಸೋಸುವಿಕೆಯ ಲೆಕ್ಕವನ್ನೂ ಬರೆಸಿಕೊಳ್ಳಬೇಕು.

ಇದಕ್ಕೂ ಮೊದಲೇ ಸುಳಿವು ಕೊಡುವುದು ಮೂತ್ರ. ಸೋಸುಕಗಳು ಹಾಳಾಗತೊಡಗಿದಾಗ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತದೆ. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಗ್ರಾಂಗೆ 30 ಮಿಲಿಗ್ರಾಂ ದಾಟಿದರೆ ಎಚ್ಚರಿಕೆ ಬೇಕು. ಇಷ್ಟು ಸಣ್ಣ ಸೋರಿಕೆ ಮೂತ್ರಕ್ಕೆ ಅದ್ದಿ ನೋಡುವ ಸಾಮಾನ್ಯ ಪಟ್ಟಿ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಈ ಹಂತದಲ್ಲಿ ನೋವಿಲ್ಲ, ಊತವಿಲ್ಲ, ಸ್ಕ್ಯಾನಿನಲ್ಲಿ ಏನೂ ಇಲ್ಲ. ಆದರೆ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನ ಸಿಗುವುದು ಈಗಲೇ. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ವಯಸ್ಕರಲ್ಲಿ ಶೇ 6.3ರಷ್ಟು ಮಂದಿಗೆ ಕಿಡ್ನಿ ಕಾಯಿಲೆ ಇದೆಯೆಂದು ಕಂಡುಕೊಂಡಿತು. ಇದು ಪಟ್ಟಣದವರ ಕಾಯಿಲೆ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಗದ್ದೆಬದುವಿನ ಅಪಾಯ

ಕಪಿಲೆ, ಕಾವೇರಿ ಮತ್ತು ವರುಣಾ ನಾಲೆಯ ನೀರು ಕುಡಿಯುವ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಗದ್ದೆಗಳಲ್ಲಿ ಭತ್ತವಿದೆ. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಕೊಳಕುಮಂಡಲ ಕಚ್ಚಿದರೆ ಅದರ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ, ಕಿಡ್ನಿಯನ್ನೂ ಘಾಸಿಗೊಳಿಸುತ್ತದೆ. ಈ ವಿಷವನ್ನು ಪತ್ತೆಹಚ್ಚುವ ಮೊದಲ ಪರೀಕ್ಷೆಗೆ ಯಂತ್ರವೇ ಬೇಡ. ಹೊಸದಾದ, ಒಣಗಿದ ಗಾಜಿನ ನಳಿಕೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಬಿಟ್ಟು, ಆಮೇಲೆ ಬಾಗಿಸಿ ನೋಡುತ್ತಾರೆ. ರಕ್ತ ಇನ್ನೂ ನೀರಾಗಿ ಹರಿದರೆ ಮಂಡಲ ಜಾತಿಯ ವಿಷ ಏರಿದೆ ಎಂದರ್ಥ; ತಡಮಾಡದೆ ಪ್ರತಿವಿಷ ಕೊಡಬೇಕು. ನಾಗರಹಾವು, ಕಟ್ಟುಹಾವುಗಳ ವಿಷ ನರಗಳನ್ನು ಹಿಡಿಯುವುದರಿಂದ, ರಕ್ತ ಹೆಪ್ಪುಗಟ್ಟಿತೆಂದು ರೋಗಿಯನ್ನು ಮನೆಗೆ ಕಳಿಸುವಂತಿಲ್ಲ.

ಇಲ್ಲೂ ಕ್ರಿಯಾಟಿನಿನ್ ತಡವಾಗಿಯೇ ಮಾತಾಡುತ್ತದೆ. ಕಿಡ್ನಿಗೆ ಪೆಟ್ಟು ಬಿದ್ದು ಒಂದೆರಡು ದಿನವಾದ ಮೇಲಷ್ಟೇ ಅದು ಏರಿದ್ದು ಕಾಣುತ್ತದೆ. ಎನ್‌ಗಾಲ್ ಎಂಬ ಹೊಸ ಸೂಚಕ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಆದರೆ ಅದಿನ್ನೂ ದಿನಬಳಕೆಗೆ ಬಂದಿಲ್ಲ. ಆದ್ದರಿಂದ ಕಚ್ಚಿಸಿಕೊಂಡವರ ಮೂತ್ರದ ಪ್ರಮಾಣ ಅಳೆಯುವುದು, ಕ್ರಿಯಾಟಿನಿನ್ ಮತ್ತೆ ಮತ್ತೆ ನೋಡುವುದು ಅನಿವಾರ್ಯ. ಕರ್ನಾಟಕ ಸರ್ಕಾರ 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಹೆಜ್ಜೆ.

ಕ್ಯಾನ್ಸರ್ ಮಾರ್ಕರ್ ಎಂಬ ಗೊಂದಲ

ಮೊದಲ ಕ್ಯಾನ್ಸರ್ ಸೂಚಕ ಸಿಕ್ಕಿದ್ದೂ ಮೂತ್ರದಲ್ಲೇ. 1840ರ ದಶಕದಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಮೂಳೆ ಮೆದುವಾಗಿದ್ದ ರೋಗಿಯ ಮೂತ್ರದಲ್ಲಿ ವಿಚಿತ್ರ ಪ್ರೋಟೀನ್ ಒಂದನ್ನು ಗುರುತಿಸಿದ. ಅದು ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನ ಗುರುತು; ಕಿಡ್ನಿಯನ್ನು ಕೆಡಿಸುವುದೂ ಅದೇ ಪ್ರೋಟೀನ್. ಆಲ್ಬುಮಿನ್ ಹುಡುಕುವ ಪಟ್ಟಿಗೆ ಇಂದಿಗೂ ಅದು ಸರಿಯಾಗಿ ಸಿಗುವುದಿಲ್ಲ.

ಆನಂತರ ಬಂದ ಸೂಚಕಗಳೂ ಹುಷಾರಾಗಿ ಓದಬೇಕಾದವೇ. ಪಿಎಸ್‌ಎ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಏರುತ್ತದೆ. ವಯಸ್ಸಾದಂತೆ ಆ ಗ್ರಂಥಿ ಬರಿದೇ ದಪ್ಪವಾದಾಗಲೂ, ಸೋಂಕಾದಾಗಲೂ ಏರುತ್ತದೆ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ-125 ಹೊಟ್ಟೆಯ ಕ್ಷಯದಲ್ಲೂ ಹೆಚ್ಚುತ್ತದೆ, ನಮ್ಮ ದೇಶದಲ್ಲಿ ಕ್ಷಯಕ್ಕೇನೂ ಬರವಿಲ್ಲ. ಕಾಯಿಲೆ ಗೊತ್ತಾದ ಮೇಲೆ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಇವು ಬಲು ಉಪಯುಕ್ತ. ಆರೋಗ್ಯವಾಗಿರುವವರು 'ಒಂದ್ಸಲ ನೋಡಿಬಿಡೋಣ' ಎಂದು ಮಾಡಿಸಿಕೊಂಡರೆ ಕೈಗೆ ಸಿಗುವುದು ಹೆಚ್ಚಾಗಿ ಗೊಂದಲ.

ಹಾಗಾದರೆ ಹಳ್ಳಿಯಲ್ಲಿ ಬೇಗ ಪತ್ತೆ ಹೇಗೆ? ಬಾಯಿಯ ಕ್ಯಾನ್ಸರಿಗೆ ಬೆಳಕು ಬಿಟ್ಟು ನೋಡುವ ಕಣ್ಣು ಸಾಕು. ಮೈಸೂರು ಚಿಗುರೆಲೆಯ ಸೀಮೆಯಲ್ಲಿ ವೀಳ್ಯದೆಲೆಯ ಮೇಲೆ ತಪ್ಪು ಹೊರಿಸಬೇಕಿಲ್ಲ. ಅದರೊಳಗೆ ಸೇರುವ ಅಡಿಕೆ, ಹೊಗೆಸೊಪ್ಪು ಎರಡೂ ಕ್ಯಾನ್ಸರ್‌ಕಾರಕ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಸರಿಯಾಗಿ ತೆರೆಯದ ಬಾಯಿ ಕಂಡರೆ ತೋರಿಸಲೇಬೇಕು. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದರೆ ಅಸಹಜ ಭಾಗ ಬೆಳ್ಳಗಾಗುತ್ತದೆ. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆ ಇದಕ್ಕಿಂತ ನಿಖರ. ಬಾಯಿ, ಸ್ತನ, ಗರ್ಭಕಂಠ ಈ ಮೂರರ ತಪಾಸಣೆ 30 ದಾಟಿದವರಿಗೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ.

ಗರ್ಭಕಂಠದ ಕ್ಯಾನ್ಸರ್ ಬಲಿತರೆ ಕಿಡ್ನಿಯಿಂದ ಇಳಿಯುವ ನಾಳಗಳನ್ನು ಒತ್ತಿ ಮೂತ್ರ ಕಟ್ಟಿಸುತ್ತದೆ. ಆಗ ಕ್ರಿಯಾಟಿನಿನ್ ಏರುತ್ತದೆ, ಸ್ಕ್ಯಾನಿನಲ್ಲಿ ಕಿಡ್ನಿ ಊದಿ ಕಾಣುತ್ತದೆ. ಈ ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಔಷಧ ಕಿಡ್ನಿಗೆ ಕಠಿಣ. ಸಿಟಿ ಸ್ಕ್ಯಾನಿಗೆ ಮೊದಲು ಕ್ರಿಯಾಟಿನಿನ್ ಕೇಳುವುದೂ ಇದೇ ಕಾರಣಕ್ಕೆ: ರಕ್ತಕ್ಕೆ ಹಾಕುವ ಅಯೋಡಿನ್ ದ್ರವ ಹೊರಹೋಗುವುದು ಕಿಡ್ನಿಯ ಮೂಲಕ. ಪೆಟ್ ಸ್ಕ್ಯಾನಿನ ವಿಕಿರಣಶೀಲ ಸಕ್ಕರೆಯೂ ಮೂತ್ರದಲ್ಲೇ ಇಳಿಯುವುದರಿಂದ ಕಿಡ್ನಿ, ಮೂತ್ರಕೋಶ ತಾವಾಗಿಯೇ ಹೊಳೆಯುತ್ತವೆ. ಅಲ್ಲಿರುವ ಗಡ್ಡೆಯನ್ನು ಗುರುತಿಸುವುದು ಕಷ್ಟ. ಯಾವ ಚಿತ್ರದಲ್ಲಿ ಏನು ಕಂಡರೂ ಬಹುಪಾಲು ಗಡ್ಡೆಗಳ ವಿಷಯದಲ್ಲಿ ಕೊನೆಯ ತೀರ್ಪು ಬಯಾಪ್ಸಿಯದು.

ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದವರು ವರ್ಷಕ್ಕೊಮ್ಮೆ ಕ್ರಿಯಾಟಿನಿನ್, ಇ-ಜಿಎಫ್‌ಆರ್, ಮೂತ್ರದ ಆಲ್ಬುಮಿನ್ ಅನುಪಾತ ಮಾಡಿಸಿ. ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳಿ, ಏರಿಳಿತ ತಿಳಿಯುವುದು ಅವುಗಳಿಂದಲೇ. ಕಿಡ್ನಿ ಕೆಡಿಸಬಲ್ಲ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಮನೆಯ ಹೆಂಗಸರನ್ನು ಗರ್ಭಕಂಠದ ತಪಾಸಣೆಗೆ ಕರೆದೊಯ್ಯಿರಿ. ದುಬಾರಿ ಸ್ಕ್ಯಾನ್ ಬರೆದುಕೊಟ್ಟಾಗ ವೈದ್ಯರನ್ನು ಒಂದು ಪ್ರಶ್ನೆ ಕೇಳಿ: "ಇದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ?" ಕೇಳುವ ಹಕ್ಕು ರೋಗಿಗಿದೆ.